ಭಾವನ ದಪ್ಪ ಟೈರು

ತೊಂಬತ್ತೆಂಟರ ಆಯುಧಪೂಜೆಯ ದಿನ ನನ್ನ ಹಳೆ ಕಾರಿನ ಚಕ್ರಗಳಡಿ ನಿಂಬೆಹಣ್ಣು ಇಡುತ್ತಿದ್ದೆ. ಅಕ್ಕನ ಗಂಡ ಎಲ್ಲರೆದುರು ನಕ್ಕರು. "ಈ ಸೈಕಲ್ ಟೈರಿಗೆ ಹಣ್ಣು ಅಪ್ಪಚ್ಚಿ ಆಗ್ತದೇನೋ?"

ಆ ಮಾತನ್ನು ನಾನು ಮರೆಯಲಿಲ್ಲ.

ಮರುವರ್ಷ ಭಾವ ಹೊಸ ಕಾರು ಕೊಂಡು, ಅಗಲದ ಟೈರು ಹಾಕಿಸಲೇ ಎಂದು ನನ್ನನ್ನೇ ಕೇಳಿದರು. ನಾನಾಗ ನಜರ್‌ಬಾದಿನ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಳತೆ ಮೀರಿದ ದಪ್ಪ ಟೈರು ಎಳೆಯಲು ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ದಪ್ಪದೇ ಹಾಕ್ಸಿ ಭಾವ, ಆನೆ ಬಂದಂಗಿರ್ತದೆ" ಎಂದೆ.

ಮೈಲೇಜ್ ಬಿತ್ತು. ಭಾವ ಪೆಟ್ರೋಲ್ ಬಂಕಿನವರೇ ಕಳ್ಳರೆಂದು ಜಗಳವಾಡಿದರು. ನನ್ನ ಬಳಿ ಗೋಳಾಡಿದಾಗಲೆಲ್ಲ, "ಬೇರೆ ಬಂಕ್ ನೋಡಿ ಭಾವ" ಎನ್ನುತ್ತಿದ್ದೆ.

ಮುಂದಿನ ಆಯುಧಪೂಜೆಗೆ ಅವರ ಟೈರುಗಳಡಿ ನಿಂಬೆಹಣ್ಣು ಇಟ್ಟವನು ನಾನೇ. ನಾಲ್ಕೂ ಹಣ್ಣು ದಪ್ಪದ್ದೇ ಆರಿಸಿ ತಂದಿದ್ದೆ.