ಹಡಗು ಮುಳುಗಲೆಂದು ಕಾದವರು

ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಒಂದು ಹಡಗು ಮುಳುಗಲಿ ಎಂದು ಕಾಯುತ್ತಿದ್ದೆವು. ಕೇಳಿದವರಿಗೆ ಇದೆಂಥ ಕೆಟ್ಟ ಮನಸ್ಸು ಅನ್ನಿಸಬಹುದು. ಅದು ನಾಟಕದ ಹಡಗು. ಅದು ಮುಳುಗುವಾಗ ಹಾಡಬೇಕಾಗಿದ್ದವಳು ನಮ್ಮವ್ವ.

ನಾವಿದ್ದದ್ದು ಪುಣೆಯ ಕೋಥರೂಡದಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಅಪ್ಪ ಧಾರವಾಡದ ಕಡೆಯಿಂದ ಬಂದು ಇಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಹೊರಗೆ ಮರಾಠಿ, ಒಳಗೆ ಧಾರವಾಡದ ಕನ್ನಡ, ಸಿಟ್ಟು ಬಂದಾಗ ಎರಡೂ. ನಮ್ಮಂಥ ಮನೆಗಳವರು ಸೇರಿ ನಡೆಸುತ್ತಿದ್ದ ಕನ್ನಡ ಮಂಡಳಿ ಒಂದಿತ್ತು. ವರ್ಷಕ್ಕೊಂದು ನಾಟಕ ಆಡುವುದು ಅದರ ಕೆಲಸ; ಉಳಿದ ದಿನಗಳಲ್ಲಿ ಆಡಿದ ನಾಟಕದ ಬಗ್ಗೆ ಜಗಳ ಆಡುವುದು.

ತೊಂಬತ್ತರ ದಶಕದ ಆರಂಭ. ನಾನು ಹತ್ತನೆಯ ತರಗತಿ. ಮಂಡಳಿಯ ನಿವೃತ್ತ ಮಾಸ್ತರರೊಬ್ಬರು ಹೊಸ ಸಂಗೀತ ನಾಟಕ ಬರೆದರು. ಮುಂಬಯಿಯಿಂದ ತೆಂಕಣ ಕರಾವಳಿಗೆ ಹೊರಟ ಆಗಬೋಟಿಯೊಂದು ಮಳೆಗಾಲದ ಗಾಳಿಗೆ ಸಿಕ್ಕು ಮುಳುಗುವ ಕಥೆ. ಮಾಸ್ತರರು ಸಮುದ್ರವನ್ನು ಜನ್ಮದಲ್ಲಿ ಎರಡೇ ಸಲ ನೋಡಿದ್ದರು, ಎರಡೂ ಸಲ ಚೌಪಾಟಿಯಲ್ಲಿ ಭೇಳ ತಿನ್ನುತ್ತ. ಆದರೂ ಹಾಡು ಮಾತ್ರ ಭರ್ತಿ ಬರೆದಿದ್ದರು. ಕಪ್ತಾನನಿಗೆ ನಾಲ್ಕು, ಹಡಗಿನ ಅಡುಗೆಭಟ್ಟನಿಗೆ ಎರಡು. ನೀಲಿ ಸೀರೆಗಳನ್ನು ಜೋಡಿಸಿ ಹೊಲಿದು, ಎರಡೂ ಕಡೆಯಿಂದ ಇಬ್ಬರು ಜಗ್ಗಿ ಅಲುಗಿಸಿದರೆ ಸಮುದ್ರ ತಯಾರು.

ಅವ್ವನಿಗೆ ಒಂದೇ ಹಾಡು, ಅದೂ ಕೊನೆಯಲ್ಲಿ. ಮೊಮ್ಮಗುವನ್ನು ನೋಡಲು ಹೊರಟ ಹೆಂಗಸಿನ ಪಾರ್ಟು. ದೋಣಿಯಲ್ಲಿ ತನಗೆ ಸಿಕ್ಕ ಜಾಗವನ್ನು ಬೇರೆಯವರಿಗೆ ಬಿಟ್ಟು ಹಡಗಿನ ಮೇಲೆಯೇ ಉಳಿದು ಹಾಡುತ್ತಾಳೆ, ಹಡಗು ಮುಳುಗುತ್ತದೆ. ಅವ್ವ ಮದುವೆಗೆ ಮೊದಲು ಕ್ರಮವಾಗಿ ಸಂಗೀತ ಕಲಿತವಳು. ಮದುವೆಯಾದ ಮೇಲೆ ಆರತಿಗೆ, ಅರಿಷಿಣ ಕುಂಕುಮಕ್ಕೆ ಹಾಡಿದ್ದೇ ಬಂತು. ಆ ಒಂದು ಹಾಡಿಗಾಗಿ ಅವಳು ಪ್ರತಿ ರವಿವಾರ ಎರಡು ಬಸ್ಸು ಬದಲಿಸಿ ನಿಗಡಿಗೆ ತಾಲೀಮಿಗೆ ಹೋಗುತ್ತಿದ್ದಳು. ನನ್ನ ಪರೀಕ್ಷೆ ಇದ್ದದ್ದರಿಂದ ನನ್ನನ್ನು ಕಾಯುತ್ತ ಅಪ್ಪ ಮನೆಯಲ್ಲೇ ಕೂಡುತ್ತಿದ್ದರು. ಹೀಗಾಗಿ ನಾವಿಬ್ಬರೂ ಒಂದು ದಿನವೂ ತಾಲೀಮು ನೋಡಲಿಲ್ಲ.

ಪ್ರಯೋಗದ ದಿನ ಏನಾಯಿತು ಎಂದು ಹೇಳುವುದಕ್ಕೆ ಮೊದಲು ನಮ್ಮ ಜನರ ಒಂದು ಚಟ ಹೇಳಬೇಕು. ಸಂಗೀತ ನಾಟಕದಲ್ಲಿ ಹಾಡು ಹಿಡಿಸಿದರೆ ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗುತ್ತಾರೆ, ನಟ ಮತ್ತೆ ಹಾಡಬೇಕು. ಹಾಡದಿದ್ದರೆ ಅದು ಸಭೆಗೆ ಮಾಡಿದ ಅವಮಾನ. ಸತ್ತ ಪಾತ್ರವೂ ಎದ್ದು ಕೂತು ಹಾಡಿ ಮತ್ತೆ ಸಾಯುವುದು ಈ ಸೀಮೆಯಲ್ಲಿ ಯಾರಿಗೂ ವಿಚಿತ್ರವಲ್ಲ. ಕಪ್ತಾನನ ಪಾರ್ಟು ಮಾಡಿದವರು ಬ್ಯಾಂಕಿನ ಕ್ಯಾಶಿಯರ್, ಕಂಠ ಒಳ್ಳೆಯದು. ಅವರ ಎರಡನೆಯ ಹಾಡಿಗೆ ಮೂರು ವನ್ಸ್ ಮೋರ್ ಬಿತ್ತು. ಅಡುಗೆಭಟ್ಟ ಅಲೆಗೆ ಸಿಕ್ಕು ಕೊಚ್ಚಿಹೋಗುತ್ತ ಹಾಡುವ ಹಾಡಿಗೆ ನಾಲ್ಕು. ಅವನು ನೀಲಿ ಸೀರೆಯ ಕೆಳಗಿನಿಂದ ಎದ್ದು ಬಂದು, ಟೊಪ್ಪಿಗೆ ಸರಿಮಾಡಿಕೊಂಡು, ಹಾಡಿ ಮತ್ತೆ ಕೊಚ್ಚಿಹೋದ. ಸೀರೆ ಜಗ್ಗುವ ಇಬ್ಬರು ಸುಸ್ತಾಗಿ ಸಮುದ್ರ ಶಾಂತವಾಗಿಬಿಟ್ಟಿತು. ನಾನೂ ಗಂಟಲು ಹರಿಯುವಂತೆ ಕೂಗಿದೆ, ಸುಳ್ಳು ಯಾಕೆ ಹೇಳಲಿ.

ನಮ್ಮದು ಮಧ್ಯಾಹ್ನದ ಆಟ. ಸಂಜೆ ಅದೇ ಸಭಾಗೃಹದಲ್ಲಿ ಮರಾಠಿ ನಾಟಕ, ಅವರ ಸಾಮಾನಿನ ಲಾರಿ ಆಗಲೇ ಹಿಂದಿನ ಬಾಗಿಲಿಗೆ ಬಂದು ನಿಂತಿತ್ತು. ಅವ್ವ ಹಡಗಿನ ತುದಿಗೆ ಬಂದು ನಿಂತಳು. ಪೇಟಿಯವರು ಸ್ವರ ಕೊಟ್ಟರು. ಪಲ್ಲವಿಯ ಒಂದು ಸಾಲು ಹಾಡಿರಬಹುದು, ಅಷ್ಟರಲ್ಲಿ ಪಕ್ಕದಿಂದ ಸಭಾಗೃಹದ ಮನುಷ್ಯ “ವೇಳ ಸಂಪಲೀ, ಪಡದಾ ಪಾಡಾ!” ಎಂದು ಕೂಗಿದ. ಹೊತ್ತು ಮುಗಿದಿತ್ತು, ಪರದೆ ಬಿತ್ತು. ಪುಣೆಯಲ್ಲಿ ಹೊತ್ತು ಮುಗಿಯಿತೆಂದರೆ ಮುಗಿಯಿತು. ಜನ ನಗುತ್ತ ಎದ್ದರು. ಯಾರೋ “ಹಡಗ ಪಾರಾತಲೋ, ಛಲೋ ಆತು” ಅಂದರು. ಎಲ್ಲರಿಗೂ ಖುಷಿ. ಹೊರಗೆ ಬಟಾಟೆ ವಡೆಯ ಗಾಡಿಯ ಮುಂದೆ ಸಾಲು.

ಅವ್ವ ಮನೆಗೆ ಬಂದು ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಂಡಳು, ರೊಟ್ಟಿ ಬಡಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಅಪ್ಪ ಎರಡು ದಿನ ಬಿಟ್ಟು ಧೈರ್ಯ ಮಾಡಿ, “ನಿನ್ನ ಹಡಗ ಇನ್ನೂ ಸಮುದ್ರದಾಗ ಅದ ನೋಡು” ಅಂದರು. ಅವ್ವ ನಕ್ಕುಬಿಟ್ಟಳು. ಅಲ್ಲಿಂದ ಅದು ನಮ್ಮ ಮನೆಯ ಮಾತಾಯಿತು. ಗ್ಯಾಸು ತಡವಾದರೆ, ನನ್ನ ಮದುವೆ ತಡವಾದರೆ, ಹಡಗ ಇನ್ನೂ ಸಮುದ್ರದಾಗ ಅದ.

ಅವ್ವ ಆ ಹಾಡನ್ನು ಬಿಡಲಿಲ್ಲ. ಹಿಟ್ಟು ನಾದುವಾಗ, ಅಕ್ಕಿ ಆರಿಸುವಾಗ ಹಾಡಿಕೊಳ್ಳುತ್ತಿದ್ದಳು. ಪಲ್ಲವಿ, ಮೊದಲ ನುಡಿ, ಎರಡನೆಯ ನುಡಿ, ಅಲ್ಲಿಗೆ ನಿಂತುಬಿಡುತ್ತಿದ್ದಳು. ಮೂರನೆಯದು ಕೊನೆಯ ನುಡಿ. ಅದನ್ನು ಹಾಡು ಎಂದು ಎಷ್ಟು ಗಂಟು ಬಿದ್ದರೂ ಕೇಳುತ್ತಿರಲಿಲ್ಲ.

“ಅದರಾಗ ‘ಹೋಗ್ತೀನಿ’ ಅಂತ ಬರ್ತದ. ಮನಿಯಾಗ ನಿಂತು ಹಂಗ ಅನ್ನಬಾರದು.”

ನಮ್ಮಲ್ಲಿ ಅಂಗಡಿಗೆ ಹೋಗುವವರೂ ‘ಹೋಗಿ ಬರ್ತೀನಿ’ ಎನ್ನಬೇಕು. ಬರೀ ‘ಹೋಗ್ತೀನಿ’ ಎಂದರೆ ಅವ್ವ ಕರೆದು ಕೂರಿಸಿ, ನೀರು ಕುಡಿಸಿ, ಮತ್ತೆ ಸರಿಯಾಗಿ ಅನ್ನಿಸಿ ಕಳಿಸುತ್ತಿದ್ದಳು. ಅಂಥವಳು ಹೊಸ್ತಿಲೊಳಗೆ ನಿಂತು ಆ ನುಡಿ ಹಾಡುವುದು ಶಕ್ಯವೇ ಇರಲಿಲ್ಲ. ಹೀಗಾಗಿ ಅಪ್ಪನೂ ನಾನೂ ಮುಕ್ಕಾಲು ಹಾಡು ಗೊತ್ತಿರುವ ಜನ.

ಹೊಸ ಶತಮಾನ ಬಂತು. ನನ್ನ ಮದುವೆಯೂ ಆಯಿತು, ಎರಡು ಗಲ್ಲಿ ಆಚೆಗೇ ಮನೆ. ಊರಿನ ಇನ್ನೊಂದು ತುದಿಯ ಖರಾಡಿಯಲ್ಲಿ ಕೆಲಸ. ಮಂಡಳಿಯವರು ನನ್ನನ್ನು ಸೆಕ್ರೆಟರಿ ಮಾಡಿದರು. ಬೇರೆ ಯಾರೂ ಒಪ್ಪಿರಲಿಲ್ಲ. ಆ ವರ್ಷದ ಸಭೆಯಲ್ಲಿ ಹಿರಿಯರೊಬ್ಬರು, ಹಡಗಿನ ನಾಟಕ ಮತ್ತೆ ಆಡೋಣ, ಮಾಸ್ತರರೂ ಹೋದರು, ಅವರ ನೆನಪಿಗಾದರೂ ಆಗಲಿ ಎಂದರು. ನನಗೆ ಕುರ್ಚಿಯ ಮೇಲೆ ಕೂಡಲಾಗದಷ್ಟು ಸಂತೋಷ. ಕೂಡಲೇ ಎದ್ದು ಒಂದು ಕರಾರು ಹಾಕಿದೆ: ಈ ಸಲ ವನ್ಸ್ ಮೋರ್ ಇಲ್ಲ. ಕರೆಯೋಲೆಯಲ್ಲೇ ಅಚ್ಚು ಹಾಕಿಸುತ್ತೇನೆ.

“ಹುಚ್ಚಿ ಏನ್ ನೀ? ವನ್ಸ್ ಮೋರ್ ಇಲ್ಲದ ನಾಟಕ ಅಂದ್ರ ಒಗ್ಗರಣಿ ಇಲ್ಲದ ಸಾರು,” ಎಂದರು ನಮ್ಮ ಹಳೆಯ ಕಪ್ತಾನರು.

“ಸಾರು ಸಪ್ಪಗಾದರೂ ಅಡ್ಡಿ ಇಲ್ಲ್ರೀ ಕಾಕಾ, ಹಡಗ ಮುಳುಗಲಿ,” ಎಂದೆ.

ಒಂದು ತಾಸು ಕೂಗಾಡಿ ಒಪ್ಪಿದರು. ಆಮೇಲೆ ಪಾತ್ರ ಹಂಚುವ ಮಾತು ಬಂತು. ಅವ್ವನಿಗೆ ಆಗ ಅರವತ್ತು ದಾಟಿತ್ತು, ನಮ್ಮ ಮೂರು ಮಹಡಿ ಏರುವಾಗ ಎರಡು ಕಡೆ ನಿಲ್ಲುತ್ತಿದ್ದಳು. ಖರಾಡಿಯ ಒಂದು ಕಂಪನಿಯಲ್ಲಿದ್ದ ಬೆಂಗಳೂರಿನ ಹುಡುಗಿಯೊಬ್ಬಳು ಹೊಸದಾಗಿ ಮಂಡಳಿಗೆ ಬಂದಿದ್ದಳು, ದನಿ ಗಂಟೆಯ ಹಾಗೆ. ಕೊನೆಯ ಹಾಡು ಅವಳಿಗೆ ಕೊಡೋಣ ಎನ್ನುವವರು ಕೈ ಎತ್ತಿ ಎಂದರು. ನಾನು ಕೈ ಎತ್ತಿದೆ. ಅವ್ವನ ಉಸಿರು ಎಲ್ಲರೆದುರು ಕಟ್ಟಿದರೆ ಎಂಬ ಹೆದರಿಕೆ ನನಗೆ. ಅದು ಒಂದು ಮಾತು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತೇನೆ: ನಾಟಕ ಚೆನ್ನಾಗಬೇಕು, ಸೆಕ್ರೆಟರಿಯ ಹೆಸರು ಉಳಿಯಬೇಕು ಎಂಬ ಆಸೆಯೂ ಇತ್ತು.

ಅವ್ವನಿಗೆ ಹೇಳುವ ಧೈರ್ಯವಾಗದೆ ಎರಡು ದಿನ ಆ ಮನೆಯ ಕಡೆ ತಲೆ ಹಾಕಲಿಲ್ಲ. ಆದರೆ ಹೋಗಲೇಬೇಕಾಯಿತು. ಮಾಸ್ತರರ ಹಸ್ತಪ್ರತಿಯಲ್ಲಿ ಕೊನೆಯ ಹಾಳೆಗಳು ಕಳೆದಿದ್ದವು. ಆ ಹಾಡು ಪೂರ್ತಿ ಇದ್ದದ್ದು ಅವ್ವನ ಬಾಯಲ್ಲಿ ಮಾತ್ರ. ಹೋದರೆ ಅವಳಿಗೆ ಆಗಲೇ ಸುದ್ದಿ ತಲುಪಿತ್ತು. ಮಂಡಳಿಯಲ್ಲಿ ಸುದ್ದಿ ಬಸ್ಸಿಗಿಂತ ಮೊದಲು ಬರುತ್ತದೆ. ಯಾರ ಯಾರ ಕೈ ಮೇಲೆದ್ದಿತ್ತು ಎಂಬುದೂ ಗೊತ್ತಿತ್ತು. ಅವ್ವ ಬೈಯಲಿಲ್ಲ. ಚಹಾ ಕೊಟ್ಟು, “ಆ ಹುಡುಗೀನ್ನ ಕರಕೊಂಡು ಬಾ, ಕಲಸ್ತೀನಿ” ಅಂದಳು. ಅಪ್ಪ ಪೇಪರಿನ ಹಿಂದಿನಿಂದ ಮುಖವನ್ನೇ ತೆಗೆಯಲಿಲ್ಲ. ನನಗೆ ನಾಚಿಕೆಯಾಯಿತು.

ಹುಡುಗಿ ಬಂದಳು. ಎರಡು ನುಡಿ ಅಡುಗೆಮನೆಯಲ್ಲೇ ಕಲಿತಳು, ಚುರುಕು. ಮೂರನೆಯದಕ್ಕೆ ಅವ್ವ ಚಪ್ಪಲಿ ಮೆಟ್ಟಿಕೊಂಡಳು. “ಇದನ್ನ ಮನಿಯಾಗ ಹೇಳಂಗಿಲ್ಲ. ಟೇಕಡಿಗೆ ನಡೀರಿ.”

ಟೇಕಡಿ ಎಂದರೆ ಕೋಥರೂಡದ ಹಿಂದಿನ ಗುಡ್ಡ. ಬೆಳಗಾದರೆ ಅರ್ಧ ಊರು ಅಲ್ಲಿ ನಡೆಯಲು ಬರುತ್ತದೆ. ರವಿವಾರ ಬೆಳಿಗ್ಗೆ ಅಪ್ಪನೂ ಮಫ್ಲರು ಸುತ್ತಿಕೊಂಡು ಹೊರಟರು. ಆ ನುಡಿ ಕೇಳದೆ ಅವರು ಮನೆಯಲ್ಲಿ ಕೂಡುವ ಪ್ರಶ್ನೆಯೇ ಇರಲಿಲ್ಲ. ಅವ್ವ ನಾಲ್ಕು ಕಡೆ ನಿಂತು ಹತ್ತಿದಳು. ಮೇಲೆ ಒಂದು ಕಲ್ಲುಬಂಡೆಯ ಹತ್ತಿರ ಕೂತು ನೀರು ಕುಡಿದು, ಎದ್ದು ನಿಂತು, ಪಲ್ಲವಿಯಿಂದಲೇ ಸುರುಮಾಡಿದಳು.

ಕೊನೆಯ ನುಡಿಯಲ್ಲಿ ದೇವರಿಲ್ಲ, ಬಿರುಗಾಳಿಯೂ ಇಲ್ಲ. ನೀರು ಕಾಲಿಗೆ ಬಂದಾಗ ಆ ಹೆಂಗಸು ಸಮುದ್ರಕ್ಕೆ ಮನೆಯ ಮಾತು ಹೇಳುತ್ತಾಳೆ. ಹಾಲಿಗೆ ಹೆಪ್ಪು ಹಾಕಿ ಬಂದಿದ್ದೇನೆ, ಗಡಿಗೆಯ ಮೇಲೆ ಮುಚ್ಚಳ ಇಟ್ಟಿದ್ದೇನೆ. ಬೀಗದ ಕೈ ನೆರೆಮನೆಯವಳ ಹತ್ತಿರ ಇದೆ, ಕೂಸಿಗೆ ಹೊಲಿದ ಕುಂಚಿಗೆ ಪೆಟ್ಟಿಗೆಯಲ್ಲಿದೆ, ನೀನು ಅದನ್ನು ತೋಯಿಸಬೇಡ. ಇಷ್ಟು ಹೇಳಿ, ಹೋಗ್ತೀನಿ ಎನ್ನುತ್ತಾಳೆ. ಆ ಮಾತಿನ ಹತ್ತಿರ ಬಂದಾಗ ಅವ್ವನ ಉಸಿರು ನಿಜವಾಗಿಯೂ ಸಾಲಲಿಲ್ಲ. ನಿಂತಳು, ಗಾಳಿ ಎಳೆದುಕೊಂಡಳು, ಆಮೇಲೆ ಸಣ್ಣ ದನಿಯಲ್ಲಿ ಆ ಒಂದು ಮಾತು ಹಾಡಿದಳು. ಹುಡುಗಿ ಬರೆದುಕೊಳ್ಳುವುದನ್ನು ಮರೆತು ಪೆನ್ನು ಹಿಡಿದು ನಿಂತಿದ್ದಳು. ನಾನು ಅತ್ತೆ. ಅಪ್ಪ ಮಫ್ಲರಿನಿಂದ ಮೂಗು ಒರೆಸಿಕೊಂಡರು.

ಯಾವಾಗ ಬಂದು ನಿಂತಿದ್ದರೋ, ನಮ್ಮ ಹಿಂದೆ ನಡೆಯಲು ಬಂದ ನಾಲ್ಕೈದು ಜನ ಮುದುಕರಿದ್ದರು, ಎಲ್ಲ ಮರಾಠಿಯವರು. ಕನ್ನಡ ಒಂದಕ್ಷರವೂ ತಿಳಿಯದು. ಕಿವಿಟೊಪ್ಪಿಗೆಯ ಅಜ್ಜರೊಬ್ಬರು ಕೋಲು ಎತ್ತಿ, ಅತ್ತಿಗೆಯನ್ನು ಕರೆಯುವ ಹಾಗೆ, “ವಹಿನಿ, ವನ್ಸ್ ಮೋರ್!” ಎಂದರು.

ಅವ್ವ ನನ್ನ ಕಡೆ ತಿರುಗಿದಳು. “ಏನ್ ಸೆಕ್ರೆಟರಿ, ಹಾಡ್ಲ್ಯಾ?”

“ಹಾಡವಾ,” ಎಂದೆ.

ಮತ್ತೆ ಹಾಡಿದಳು, ಅವಸರವಿಲ್ಲದೆ. ಅಲ್ಲಿ ಯಾರ ಲಾರಿಯೂ ಕಾಯುತ್ತಿರಲಿಲ್ಲ. ಎರಡನೆಯ ಸಲ ಉಸಿರು ಕಡಿಮೆ ಬಿದ್ದಲ್ಲಿ ಹುಡುಗಿ ತಾನಾಗಿಯೇ ಹಿಂದೆ ಮೆಲ್ಲಗೆ ದನಿ ಕೂಡಿಸಿದಳು, ಅವ್ವ ಅದನ್ನು ಆತುಕೊಂಡು ದಾಟಿದಳು.

ಪ್ರಯೋಗಕ್ಕೆ ಇನ್ನೂ ಒಂದು ತಿಂಗಳು ಇತ್ತು. ಇಳಿಯುವಾಗ ಅಪ್ಪನೂ ಹುಡುಗಿಯೂ ಮುಂದೆ ಹೋದರು. ಅವ್ವ ನನ್ನ ತೋಳು ಹಿಡಿದು ಒಂದೊಂದೇ ಕಲ್ಲು ನೋಡಿಕೊಂಡು ಇಳಿಯುತ್ತಿದ್ದಳು.

“ಪಾರ್ಟು ನಾನ ಮಾಡ್ತೀನಿ. ಆ ಹುಡುಗಿ ಒಳಗ ನಿಂತು ದನಿ ಕೂಡಸ್ಲಿ. ನಿಮ್ಮ ಕಮಿಟಿಗೆ ಹೇಳು.”

“ಹೇಳ್ತೀನವಾ.”

ನಾಲ್ಕು ಹೆಜ್ಜೆ ಇಳಿದ ಮೇಲೆ, ಸಿಟ್ಟಿಲ್ಲದ ದನಿಯಲ್ಲಿ ಅಂದಳು: “ಕೈ ಎತ್ತೂಕಿಂತ ಮೊದಲ ಒಮ್ಮೆ ಕೇಳಬೇಕಿತ್ತು ನೀ. ಹನ್ನೆರಡು ವರ್ಷ ಮನಿಯಾಗ ಬ್ಯಾಡ ಅಂದೆ, ಖರೆ. ಆದ್ರ ಹೊರಗ ಕರಕೊಂಡು ಹೋಗ್ತೀನಿ ಬಾ ಅಂತ ನೀ ಒಂದ್ ದಿನಾನೂ ಅನಲಿಲ್ಲ.”