ಎರಡು ತಟ್ಟೆ

ಪಕ್ಕದ ಮನೆಯ ಸಿಟ್‌ಔಟಿನಲ್ಲಿ, ಎಂದರೆ ಮುಂದಿನ ಜಗಲಿಯಲ್ಲಿ, ಮೊಳೆಗೆ ನೇತುಹಾಕಿದ್ದ ಕೊಡೆಯ ಮೇಲೆ ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಇದ್ದ ಆಸಕ್ತಿ ಗಣಿತದ ಮೇಲೆ ಇದ್ದಿದ್ದರೆ ನಾನು ಅವರ ಶಾಲೆಗೆ ತಲೆಯೆತ್ತಿಕೊಂಡು ಹೋಗಬಹುದಿತ್ತು. ಬಾಗಿದ ಹಿಡಿಯ, ದೊಡ್ಡ, ಕಪ್ಪು, ಗಂಡಸರ ಕೊಡೆ. ಆ ಮನೆಯಲ್ಲಿ ಇದ್ದವರೋ ಒಬ್ಬರೇ ಹೆಂಗಸು, ಯಾವುದೋ ಕಚೇರಿಯಿಂದ ನಿವೃತ್ತರಾದವರು. ಮಕ್ಕಳಿಗೆ ಆಂಟಿ, ನನಗೆ ಚೇಚಿ, ಎಂದರೆ ಅಕ್ಕ. ಮಳೆ ಬಂದರೆ ಚೇಚಿ ಹಿಡಿಯುತ್ತಿದ್ದದ್ದು ಹೂವಿನ ಚಿತ್ರದ ಮಡಚುವ ಕೊಡೆ. ಕಪ್ಪು ಕೊಡೆ ಮೊಳೆಯಿಂದ ಇಳಿದದ್ದನ್ನು ನಾವು ಯಾರೂ ಕಂಡಿರಲಿಲ್ಲ.

"ಅದು ಯಾರದು?" ಎಂದು ದೊಡ್ಡವಳು ದಿನಕ್ಕೊಂದು ಸಲ ಕೇಳುವಳು. ಸತ್ತವರದು, ಓಡಿಹೋದವರದು, ಕಳ್ಳ ಬಂದರೆ ಹೊಡೆಯಲಿಕ್ಕೆ ಇಟ್ಟದ್ದು ಎಂದು ಚಿಕ್ಕವಳು ದಿನಕ್ಕೊಂದು ಉತ್ತರ ಕೊಡುವಳು. ನಾನು ಗದರುತ್ತಿದ್ದೆ. "ಬೇರೆಯವರ ಮನೆ ವಿಷಯ ನಮಗ್ಯಾಕೆ? ಕೇಳಿದ್ರೆ ಕಾಲು ಮುರೀತೀನಿ." ಮಕ್ಕಳಿಗೆ ಒಳ್ಳೆಯ ನಡತೆ ಕಲಿಸುತ್ತಿದ್ದೇನೆ ಎಂಬ ಜಂಬ ನನಗೆ ಸಾಕಷ್ಟಿತ್ತು.

ನಾವು ಶ್ರೀಕಾರ್ಯಂ ಎಂಬ ಈ ಮಲಯಾಳದ ಊರಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಬ್ಯಾಂಕಿನವರು ಎತ್ತಿಹಾಕಿದ ಕಡೆಗೆ ಹೋಗುವ ಬದುಕು ನನ್ನದು. ಅದಕ್ಕೆ ಮೊದಲು ಕೊಚ್ಚಿಯ ಹತ್ತಿರ ಅಂಬಲಮುಗಳ್‌ನಲ್ಲಿದ್ದೆವು. ಅಲ್ಲಿ ನಮ್ಮ ಸಾಲಿನಲ್ಲೇ ನಾಲ್ಕಾರು ಕನ್ನಡದ ಮನೆಗಳಿದ್ದವು, ಮಕ್ಕಳ ಕಿವಿಗೆ ಕನ್ನಡ ಬೀಳುತ್ತಿತ್ತು. ಇಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವರು ಮಲಯಾಳದಲ್ಲಿ ಉತ್ತರಿಸುವುದು ಶುರುವಾಯಿತು. ನಾನು ಸಿಡುಕಿದಷ್ಟೂ ಅದು ಹೆಚ್ಚಾಯಿತು.

ಅವರಿಗೆ ಮತ್ತೆ ಕನ್ನಡದ ರುಚಿ ಹತ್ತಿಸಿದವರು, ಕನ್ನಡವೇ ಬಾರದ ಚೇಚಿ. ಸಂಜೆ ತಮ್ಮ ಮನೆಯ ಮೆಟ್ಟಿಲ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಒಂದು ಆಟ ಆಡಿಸುತ್ತಿದ್ದರು. ಒಂದು ಮಾತು, ಎಷ್ಟು ಅರ್ಥ? "ಚೋರ್ ಉಂಡೋ?" ಎಂದರೆ ಅನ್ನ ಇದೆಯಾ ಎಂದೂ ಆಗುತ್ತದೆ, ಊಟ ಮಾಡಿದೆಯಾ ಎಂದೂ ಆಗುತ್ತದೆ. ಸೋಲಬಾರದೆಂದು ಇವರು ನನ್ನ ಹತ್ತಿರ ಓಡಿಬಂದು ಕನ್ನಡದ ಮಾತು ಬೇಡುವರು. ನಾನು 'ಮುಡಿ' ಕೊಟ್ಟೆ. ಹೆಂಗಸರ ತುರುಬೂ ಮುಡಿ, ಹೂವು ಇಟ್ಟುಕೊಳ್ಳುವುದೂ ಮುಡಿಯುವುದು, ಕರಾವಳಿಯ ಕಡೆ ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯೂ ಮುಡಿ. ಚೇಚಿ ಸೋತೆ ಎಂದು ಕೈ ಮೇಲೆತ್ತಿ ನಕ್ಕಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತ್ತು. ಎರಡು ಮನೆಗಳ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ ಅಷ್ಟೆ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಯಾರನ್ನು ಕರೆಯುತ್ತೀ ಎಂದು ಅಮ್ಮ ಮೈಸೂರಿನಿಂದ ಫೋನಿನಲ್ಲಿ ಕೇಳಿದಳು. ಪಕ್ಕದ ಮನೆಯವರನ್ನು ಎಂದೆ.

"ಮುತ್ತೈದೆ ತಾನೆ?"

ಗೊತ್ತಿರಲಿಲ್ಲ. ನಮ್ಮ ಕಡೆ ಹೆಂಗಸಿನ ಕೊರಳು, ಕಾಲ್ಬೆರಳು ನೋಡಿದರೆ ಸಾಕು, ಕೇಳುವ ಕೆಲಸವಿಲ್ಲ. ಇಲ್ಲಿ ಕರಿಮಣಿಯಿಲ್ಲ, ಕಾಲುಂಗುರವಿಲ್ಲ. ಸರದ ತುದಿ ರವಿಕೆಯೊಳಗೆ ಸೇರಿರುತ್ತದೆ. ದೇವಸ್ಥಾನಕ್ಕೆ ಹೋಗಿಬಂದವರೆಲ್ಲರ ಹಣೆಯಲ್ಲೂ ಒಂದೇ ಚಂದನ.

"ವಿಚಾರಿಸದೆ ಕರೀಬೇಡ ಕಣೇ. ಕರೆದು ಕುಂಕುಮ ಕೊಡದೆ ಕಳಿಸಿದ್ರೆ ಅವರಿಗೆ ಎಷ್ಟು ಬೇಜಾರಾಗತ್ತೆ!" ಎಂದಳು ಅಮ್ಮ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕುಂಕುಮ ಎಲ್ಲರಿಗೂ ಕೊಡಬಹುದಲ್ಲ ಎಂದು ನಾನು ಅನ್ನಬಹುದಿತ್ತು. ಬ್ಯಾಂಕಿನ ಊಟದ ಹೊತ್ತಿನಲ್ಲಿ ಅಂಥ ಮಾತು ಜೋರಾಗಿಯೇ ಆಡುತ್ತೇನೆ. ಅಮ್ಮನ ಮುಂದೆ ಬಾಯಿ ಬರಲಿಲ್ಲ.

ನಾನೇ ಹೋಗಿ ಕೇಳಲು ನಾಚಿಕೆಯಾಯಿತು. ದೊಡ್ಡವಳನ್ನು ಕರೆದೆ. "ಆ ಕೊಡೆ ಯಾರದು ಅಂತ ಮಾತಿನ ಮಧ್ಯೆ ಕೇಳ್ಕೊಂಡು ಬಾ. ಅಂಕಲ್ ಇದ್ದಾರಾ ಅಂತಾನೂ ಕೇಳು. ನಾನು ಕಳಿಸಿದೆ ಅನ್ನಬೇಡ."

ಅವಳ ಮುಖ ಅರಳಿತು. ಇಷ್ಟು ದಿನ ಬೈಸಿಕೊಂಡ ಪ್ರಶ್ನೆಗೆ ಈಗ ಅಮ್ಮನದೇ ಒಪ್ಪಿಗೆ. ಹಾರಿಕೊಂಡು ಹೋದಳು. ನಾನು ಒಲೆ ಸಣ್ಣ ಮಾಡಿ, ಕುಕ್ಕರ್ ಕೂಗದ ಹಾಗೆ ನೋಡಿಕೊಂಡು ಕಿಟಕಿಗೆ ಕಿವಿಗೊಟ್ಟು ನಿಂತೆ. ಮಗು ಒಂದಾದ ಮೇಲೊಂದು ಎರಡನ್ನೂ ಕೇಳಿತು. ಆಮೇಲೆ ಚೇಚಿ ಮಲಯಾಳದಲ್ಲಿ ಮೆಲ್ಲಗೆ, ಇದೆಲ್ಲ ಈಗ ಯಾಕೆ ಬೇಕಾಯಿತು ಮೋಳೇ, ಮಗಳೇ, ಎಂದರು. ಸುಳ್ಳು ಹೇಳಲು ನಾನು ಅವಳಿಗೆ ಕಲಿಸಿರಲಿಲ್ಲವಲ್ಲ.

"ಅಮ್ಮ ಚೋದಿಕ್ಕಾನ್ ಪರಞ್ಞು." ಅಮ್ಮ ಕೇಳು ಅಂದಳು.

ಕೊಡೆ ಈ ಮನೆಯದು ಎಂದಷ್ಟೇ ಚೇಚಿ ಹೇಳಿದರು. ಆ ಸಂಜೆ ಆಟ ಮುಂದುವರಿಯಲಿಲ್ಲ.

ಅಷ್ಟಾದ ಮೇಲೆ ಕರೆಯದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ನಾನೇ ಹೋಗಿ ಹಬ್ಬಕ್ಕೆ ಕರೆದೆ. ಬರುತ್ತೇನೆ ಎಂದರು. ನನ್ನ ಬುದ್ಧಿವಂತಿಕೆ ಅಲ್ಲಿಗೆ ನಿಲ್ಲಲಿಲ್ಲ. ಶುಕ್ರವಾರ ಕಲಶದ ಪಕ್ಕ ಎರಡು ತಟ್ಟೆ ಜೋಡಿಸಿದೆ. ಒಂದರಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಕಣ, ಎಲೆ ಅಡಿಕೆ, ತೆಂಗಿನಕಾಯಿ. ಇನ್ನೊಂದರಲ್ಲಿ ಬರೀ ಬಾಳೆಹಣ್ಣು, ಒಂದಿಷ್ಟು ಸಿಹಿ. ಬಂದಮೇಲೆ ಕೊರಳು ನೋಡಿ ತೀರ್ಮಾನಿಸಿದರಾಯಿತು ಎಂಬುದು ನನ್ನ ಲೆಕ್ಕ.

ಚೇಚಿ ಜರಿ ಅಂಚಿನ ಬಿಳಿ ಸೆಟ್ಟು ಮುಂಡು, ಎರಡು ತುಂಡಿನ ಸೀರೆ, ಉಟ್ಟು ಬಂದರು. ಇಲ್ಲಿ ಹಬ್ಬಕ್ಕೆ ಎಲ್ಲರೂ ಉಡುವುದು ಅದನ್ನೇ, ನನಗೆ ಅದರಿಂದಲೂ ಏನೂ ತಿಳಿಯಲಿಲ್ಲ. ಕೂತರು. ನನ್ನ ಕಣ್ಣು ಅವರ ಕೊರಳಿಗೆ ಹೋಯಿತು. ಹೋದದ್ದನ್ನು ಅವರು ನೋಡಿದರು. ನೋಡಿ ಸೆರಗು ಎಳೆದುಕೊಳ್ಳಲೂ ಇಲ್ಲ, ಸರಿಸಲೂ ಇಲ್ಲ.

ಚಿಕ್ಕವಳಿಗೆ ಇದೊಂದೂ ತಿಳಿಯದು. ಒಂದು ಮೊಳ ಮಲ್ಲಿಗೆ ಎತ್ತಿಕೊಂಡು ಚೇಚಿಯ ಬೆನ್ನ ಹಿಂದೆ ಹೋಗಿ, ಆಟದ ಉತ್ಸಾಹದಲ್ಲಿ, "ಆಂಟಿ, ಮುಡಿಯಲ್ಲಿ ಮುಡಿ!" ಎಂದು ಕೂಗಿದಳು. ಚೇಚಿ ನಗುತ್ತಾ ತಲೆ ಬಗ್ಗಿಸಿದರು.

"ತಾಳೇ!" ಎಂದಿತು ನನ್ನ ಬಾಯಿ.

ನಾನು ಯೋಚಿಸಿ ಅಂದದ್ದಲ್ಲ. ಅದೇ ನನ್ನನ್ನು ಹೆಚ್ಚು ಸುಡುತ್ತದೆ. ಮಗುವಿನ ಕೈ ಹೂವಿನ ಸಮೇತ ಅಲ್ಲೇ ನಿಂತಿತು. ಚೇಚಿಗೆ ಕನ್ನಡ ಬಾರದಿದ್ದರೂ ಆ ದನಿ ಅರ್ಥವಾಗಿತ್ತು. ತಲೆಯೆತ್ತಿದರು. ಎರಡು ತಟ್ಟೆಗಳನ್ನೂ ನೋಡಿದರು. ಕೋಪವಿಲ್ಲದೆ, ಅಂಗಡಿಯಲ್ಲಿ ಕೇಳುವ ಹಾಗೆ ಕೇಳಿದರು.

"ಇದಿಲ್ ಎಂಡೇದ್ ಏದಾ?" ಇದರಲ್ಲಿ ನನ್ನದು ಯಾವುದು?

ಈಗಲಾದರೂ ಕುಂಕುಮದ ತಟ್ಟೆ ಎತ್ತಿ ಅವರ ಕೈಗಿಡಬಹುದಿತ್ತು. ಎತ್ತಲಿಲ್ಲ. ಚೇಚಿ ಹಣ್ಣಿನ ತಟ್ಟೆಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡು ಇಷ್ಟು ಸಾಕೆಂದರು. ಮಕ್ಕಳಿಬ್ಬರ ತಲೆ ಸವರಿ ಹೊರಟರು.

ಈಗಲೂ ಗೋಡೆಯಾಚೆ ಸಿಕ್ಕರೆ ನಗುತ್ತಾರೆ, ಊಟವಾಯಿತೇ ಎನ್ನುತ್ತಾರೆ. ಕೊಡೆ ಮೊಳೆಯಲ್ಲೇ ಇದೆ. ಅದು ಯಾರದೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಯೋಗ್ಯತೆಯೂ ಉಳಿದಿಲ್ಲ. ಚಿಕ್ಕವಳು ಮೆಟ್ಟಿಲಿಗೆ ಹೋಗುತ್ತಾಳೆ. ದೊಡ್ಡವಳು ಹೋಗುವುದಿಲ್ಲ. ಮೊದಲಿನ ಹಾಗೆ ಏನನ್ನೂ ಕೇಳುವುದೂ ಇಲ್ಲ.

ಮೊನ್ನೆ ಹೋಳಿಗೆ ಮಾಡಿದ್ದೆ. ಎರಡನ್ನು ಡಬ್ಬಿಗೆ ಹಾಕಿ, ಆಂಟಿಗೆ ಕೊಟ್ಟು ಬಾ ಎಂದು ದೊಡ್ಡವಳ ಕೈಗಿಟ್ಟೆ. ಅವಳು ಬಾಗಿಲವರೆಗೆ ಹೋಗಿ ನಿಂತಳು. ಹಬ್ಬ ಕಳೆದಾಗಿನಿಂದ ಮತ್ತೆ ಮಲಯಾಳಕ್ಕೇ ತಿರುಗಿದ್ದವಳು ಎಷ್ಟೋ ತಿಂಗಳ ಮೇಲೆ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು.

"ಈ ಸಲ ಏನು ಕೇಳ್ಕೊಂಡು ಬರ್ಬೇಕು, ಅಮ್ಮ?"