ಬಳಿ ಹಿಡಕೋ

ಶರಣಬಸಮ್ಮನ ತಮ್ಮ ಗುರುಸಿದ್ದಪ್ಪನಿಗೆ ಬ್ಯಾಂಕಿನ ಕಾವಲು ಕೆಲಸ ಸಿಕ್ಕಿತ್ತು. ಷರತ್ತು ಒಂದೇ, ಬಂದೂಕು ಅವನದೇ ಆಗಿರಬೇಕು. ಲೈಸನ್ಸ್ ಬಂದಿತ್ತು. ಆದರೆ ಬಂದೂಕು ಕೊಳ್ಳುವುದಕ್ಕೆ ಅದರ ಮೇಲೆ ಗಡುವು ಬರೆದಿತ್ತು. ಶನಿವಾರ ಅದು ಮುಗಿಯುತ್ತಿತ್ತು. ಅವತ್ತು ಗುರುವಾರ.

"ಅಕ್ಕಾ, ಒಂದು ಜೋಡ ನಳಿಗಿ ನೋಡೀನಿ," ಎಂದ. "ನೂರು ವರ್ಷದ್ದಂತ. ಯಾವುದೋ ನವಾಬರ ದೇವಡಿಯಿಂದ ಬಂದದ್ದು. ನಳಿಗಿ ಮ್ಯಾಲ ಹಾವಿನ ಪೊರಿ ಹಂಗ ಗೆರಿ ಅದಾವ. ಭಾಳ ಛಂದ ಐತಿ."

"ನಾನೂ ಬರ್ತೀನಿ."

"ನೀ ಬಂದು ಏನ್ ಮಾಡ್ತಿ? ಅದು ಸೀರಿ ಅಂಗಡಿ ಅಲ್ಲ."

ಆಕೆ ಒಲೆಯ ಹಿಂದಿನಿಂದ ಮುರಿದ ಲಟ್ಟಣಿಗೆಯ ತುಂಡೊಂದನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು.

ಆಕೆ ಓದಿದ್ದು ಎರಡನೆಯ ಇಯತ್ತೆ. ಹುಮನಾಬಾದಿನ ಕಡೆಯಿಂದ ಕಾಚಿಗೂಡಕ್ಕೆ ಮದುವೆಯಾಗಿ ಬಂದಾಗ ಆಕೆಗೆ ಹದಿನಾರು. ಗಂಡ ಅಮರೇಶಪ್ಪ ಬಂದೂಕಿನ ಅಂಗಡಿಯೊಂದರಲ್ಲಿ ರಿಪೇರಿ ಮಿಸ್ತ್ರಿ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಆಕೆಯ ಒಲೆಗೂ ಅವನ ಕೆಲಸದ ಮೇಜಿಗೂ ನಡುವೆ ಒಂದು ಗೋಣಿತಾಟಿನ ಪರದೆ. ಇಪ್ಪತ್ತೆರಡು ವರ್ಷ ಹಾಗೇ ಹೋಯಿತು.

ಹಳೆಯ ಜೋಡುನಳಿಗೆ ಬಂದರೆ ಅಮರೇಶಪ್ಪ ಮೊದಲು ನಳಿಗೆಗಳನ್ನು ಮರದಿಂದ ಬಿಚ್ಚುತ್ತಿದ್ದ. ಕೊಕ್ಕೆಯ ಕಡೆಯಿಂದ ಒಂದು ಬೆರಳಿಗೆ ತೂಗುಹಾಕಿ ಈ ಲಟ್ಟಣಿಗೆಯಿಂದ ಬಡಿಯುತ್ತಿದ್ದ. ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಗಟ್ಟಿಯಿದ್ದರೆ ಗಂಟೆಯ ಹಾಗೆ ನಾದ ಎಳೆಯುತ್ತಿತ್ತು. ಬಿಟ್ಟಿದ್ದರೆ ಕೊನೆಗೆ ಜುರ್ ಎನ್ನುತ್ತಿತ್ತು. ಬಿಟ್ಟಲ್ಲಿ ನೀರು ಇಳಿದು ತುಕ್ಕು ಕಬ್ಬಿಣ ತಿಂದಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆ ಜುರ್ ಅಂಬುದು ಬಹಳ ಸಣ್ಣದು. ರೊಟ್ಟಿ ಬಡಿಯುವಾಗ ಆಕೆಯ ಗಾಜಿನ ಬಳೆಗಳ ಸಪ್ಪಳದಲ್ಲಿ ಮುಚ್ಚಿಹೋಗುವಷ್ಟು ಸಣ್ಣದು.

"ಬಳಿ ಹಿಡಕೋ," ಎಂದು ಪರದೆಯ ಆಚೆಯಿಂದ ಕೂಗುತ್ತಿದ್ದ. ಆಕೆ ಹಿಟ್ಟಿನ ಕೈಯಲ್ಲೇ ಬಳೆ ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದಳು. ಹಾಗೆ ಹಿಡಿದೂ ಹಿಡಿದೂ ಆಕೆಗೂ ಕೇಳುವುದು ಬಂತು.

ಒಮ್ಮೆ ವೈಜನಾಥ ಎಂಬ ಕಾವಲುಗಾರ ಎಡಗೈಗೆ ಬಟ್ಟೆ ಸುತ್ತಿಕೊಂಡು ಬಂದ. ಮೂರು ಬೆರಳು ಇರಲಿಲ್ಲ. ಗುಂಡು ಹಾರಿಸುವಾಗ ಸೀಳಿದ ಬಂದೂಕನ್ನು ಮೇಜಿನ ಮೇಲಿಟ್ಟು ಕೂತ. ಹಿಂದಿನ ವರ್ಷ ಅದನ್ನು ಬಡಿದು ನೋಡಿ ಚಲೋ ಐತಿ ಅಂದವನು ಅಮರೇಶಪ್ಪನೇ. ಅವತ್ತು ಅವನು ಉಣ್ಣಲಿಲ್ಲ. ಆಕೆಯೂ ಉಣ್ಣಲಿಲ್ಲ. ಆ ಬಂದೂಕು ಬಡಿದ ದಿನ ತಾನು ಬಳೆ ಹಿಡಿದಿದ್ದೆನೋ ಇಲ್ಲವೋ ಆಕೆಗೆ ನೆನಪಾಗಲಿಲ್ಲ. ಅವನು ಕೇಳಲಿಲ್ಲ. ಇವಳು ಹೇಳಲಿಲ್ಲ. ಎಂಟು ತಿಂಗಳ ಹಿಂದೆ ಕಾಮಾಲೆಯಾಗಿ ಅವನು ಹೋದ. ಮಾತು ಹಾಗೇ ಉಳಿಯಿತು.

ತಮ್ಮ ಬಂದೂಕು ನೋಡಿಟ್ಟಿದ್ದು ಬೇರೊಂದು ಅಂಗಡಿಯಲ್ಲಿ. ಅಲ್ಲಿಯ ಮೊಹಿಯುದ್ದೀನ್ ಸಾಹೇಬ ಗುಲಬರ್ಗದವನು. ಗುರುಸಿದ್ದಪ್ಪನನ್ನು ನೋಡಿ ಕುರ್ಚಿ ಎಳೆದ.

"ಬರ್ರಿ, ಕೂಡ್ರಿ. ಹೆಣ್ಣಮಗಳನ್ನೂ ಕರಕೊಂಡು ಬಂದೀರಿ. ಬಂದೂಕ ಯಾರು ಹಿಡೀತೀರಿ?"

"ಹಿಡಿಯಾಂವ ಇವನು," ಎಂದಳು ಶರಣಬಸಮ್ಮ. "ಕೇಳಾಕಿ ನಾ."

ಸಾಹೇಬ ನಕ್ಕ. ಬಂದೂಕು ಹೊರಗೆ ಬಂತು. ಗೆರೆ ನಿಜಕ್ಕೂ ಹಾವಿನ ಪೊರೆಯ ಹಾಗೆಯೇ ಇತ್ತು. ಮರದ ಮೇಲೆ ಬೆಳ್ಳಿಯ ಹೂ. ಗುರುಸಿದ್ದಪ್ಪ ಹೆಗಲಿಗೇರಿಸಿಕೊಂಡು ನೆಟ್ಟಗೆ ನಿಂತ. ಆಗಲೇ ಬ್ಯಾಂಕಿನ ಬಾಗಿಲಲ್ಲಿ ನಿಂತ ಹಾಗಿತ್ತು. ಅವನ ಎಡಗೈ ನಳಿಗೆಯ ಕೆಳಗೆ ಇತ್ತು. ಆಕೆ ಆ ಕೈಯನ್ನೇ ನೋಡಿದಳು.

"ನಳಿಗಿ ಬಿಚ್ಚಿ ಬಡದು ತೋರಸ್ರಿ."

ಸಾಹೇಬ ನಳಿಗೆ ಬಿಚ್ಚಿ ಬೆರಳಿಗೆ ಹಾಕಿ ಕೀಲಿಕೈ ಗೊಂಚಲಿನಿಂದ ಬಡಿದ. ಠಣ್ ಎಂದಿತು. ಗುರುಸಿದ್ದಪ್ಪನ ಮುಖ ಅರಳಿತು.

"ಕೀಲಿಕೈನೇ ಸಪ್ಪಳ ಮಾಡ್ತದರಿ," ಎಂದು ಆಕೆ ಚೀಲದಿಂದ ಕಟ್ಟಿಗೆ ತೆಗೆದಳು. "ಇದರಿಂದ ಬಡೀರಿ."

ಸಾಹೇಬ ಅದನ್ನು ತಿರುಗಿಸಿ ನೋಡಿದ. ನಗು ನಿಂತಿತು. "ಇದು ಅಮರೇಶಪ್ಪ ಮಿಸ್ತ್ರಿಯ ಕಟಗಿ. ನೀವು ಅವನ ಮನಿಯವರೇನು?"

"ಹೌದ್ರಿ. ಫ್ಯಾನ್ ಬಂದ್ ಮಾಡ್ರಿ."

ಫ್ಯಾನ್ ನಿಂತಿತು. ಸಾಹೇಬ ಬಡಿದ. ಆಕೆಯ ಎಡಗೈ ತಾನಾಗಿಯೇ ಬಲಗೈ ಮಣಿಕಟ್ಟಿಗೆ ಹೋಯಿತು. ಅಲ್ಲಿ ಬಳೆ ಇರಲಿಲ್ಲ. ಬರಿಯ ಮೂಳೆ ಹಿಡಿದುಕೊಂಡು ನಿಂತಳು. ಕಣ್ಣು ತುಂಬಿತು. ಕಿವಿಯಲ್ಲಿ ಆಕೆಯದೇ ಎದೆ ಬಡಿಯುತ್ತಿತ್ತು. ನಾದದ ಕೊನೆ ತಪ್ಪಿಹೋಯಿತು.

"ಹೆಂಗ?" ಎಂದ ತಮ್ಮ.

ಆಕೆಗೆ ಗೊತ್ತಾಗಲಿಲ್ಲ. ಜುರ್ ಅಂದಿತೋ, ಅಂಜಿಕೆಗೆ ಹಾಗೆ ಅನಿಸಿತೋ. ಸುಮ್ಮಸುಮ್ಮನೆ ಬೇಡ ಅಂದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಅವನ ಹೆಂಡತಿ ಶೋಭಾ, ಮೂರು ಹೆಣ್ಣು ಮಕ್ಕಳು. ಸುಮ್ಮಸುಮ್ಮನೆ ಬೇಕು ಅಂದರೆ ಆ ಎಡಗೈ.

"ಇನ್ನೊಮ್ಮೆ ಬಡೀರಿ."

ಈ ಸಲ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ನಾದ ಎಳೆಯಿತು, ಸಣ್ಣಗಾಯಿತು. ತುದಿಯಲ್ಲಿ, ಡಬ್ಬಿಯಲ್ಲಿ ಸಿಕ್ಕ ನೊಣದ ಹಾಗೆ, ಜುರ್.

"ಬ್ಯಾಡ."

"ಏನ್ ಬ್ಯಾಡ? ಗಂಟಿ ಬಾರಿಸಿದಂಗ ಬಂತು. ನಾಡದ ಶನಿವಾರ ಅಕ್ಕಾ. ನಿನಗ ನನ್ನ ನೌಕರಿ ಬ್ಯಾಡಾಗೇದೇನು?"

"ಗಂಟಿ ಬಿಡು. ಬಾಲ ಕೇಳು." ಅವನ ತಲೆ ಹಿಡಿದು ನಳಿಗೆಯ ಹತ್ತಿರಕ್ಕೆ ಎಳೆದಳು. "ಬಡೀರಿ ಸಾಹೇಬ್ರ."

ಸಾಹೇಬ ಮೂರನೆಯ ಸಲ ಬಡಿದ. ಗುರುಸಿದ್ದಪ್ಪ ಬಾಗಿಯೇ ಇದ್ದ. ಎದ್ದಾಗ ಎಡಗೈಯನ್ನು ಅಂಗಿಗೆ ಒರೆಸಿಕೊಂಡ.

"ಬೆಸುಗಿ ಹಾಕಿಸಿ ಕೊಡಬಹುದು," ಎಂದ ಸಾಹೇಬ.

"ಶನಿವಾರದೊಳಗ?" ಎಂದ ಗುರುಸಿದ್ದಪ್ಪ.

"ಅಮರೇಶಪ್ಪ ಇದ್ದಿದ್ರ ಆಗ್ತಿತ್ತು." ಸಾಹೇಬ ಆ ಮಾತು ಆಡಿ ಬೇರೆ ಕಡೆ ನೋಡಿದ. ಆಮೇಲೆ ಒಳಗೆ ಹೋಗಿ ಇನ್ನೊಂದು ಜೋಡುನಳಿಗೆ ತಂದ. ನಮ್ಮ ದೇಶದ್ದೇ, ಬೋಳು. ಹಿಂದಿನ ಮರ ಒಡೆದು ತಾಮ್ರದ ತಂತಿ ಸುತ್ತಿತ್ತು.

"ಇದನ್ನ ಹಿಡಕೊಂಡು ನಿಂತರ ಕಳ್ಳರು ಮರುಗಿ ಚಾ ಕುಡಿಸಿ ಹೋಗ್ತಾರ," ಎಂದ ಗುರುಸಿದ್ದಪ್ಪ.

"ಕುಡಿ. ಚಾದ ಕಪ್ಪು ಹಿಡಿಯಾಕ ಬೆರಳರ ಇರ್ತಾವು."

ಸಾಹೇಬ ನಳಿಗೆ ಬಿಚ್ಚಿ ಬೆರಳಿಗೆ ಹಾಕಿಕೊಂಡ. ಲಟ್ಟಣಿಗೆ ಎತ್ತಿ ಆಕೆಯ ಕಡೆ ನೋಡಿದ. ಆಕೆ ಮಣಿಕಟ್ಟು ಹಿಡಿದಳು.

ಅವನು ಬಡಿದ. ನಾದ ಎದ್ದಿತು. ಎಳೆಯಿತು. ಹೊರಗೆ ಒಂದು ಆಟೋ ಹೋಯಿತು, ಅದರ ಸದ್ದಿನ ಅಡಿಯಲ್ಲೂ ನಾದ ಕೇಳುತ್ತಿತ್ತು.

"ಅಕ್ಕಾ, ಆತೇನು?"

"ತಡಿ," ಎಂದಳು. "ಇನ್ನೂ ಮುಗದಿಲ್ಲ."